ಶೇಕ್ಸ್‌ಪಿಯರ್ ಯಾರಪ್ಪನ ಮನೆ ಆಸ್ತಿ?



ರಾಮಕೃಷ್ಣನಗರದ ಆಂದೋಲನ ವೃತ್ತದಲ್ಲಿ ಒಂದು ಸಂಜೆ ಹತ್ತು ನಿಮಿಷ ನಿಂತು ಸುತ್ತ ಕಣ್ಣು ಹಾಯಿಸಿ. ಕನ್ನಡದ ಒಂದು ದಿನಪತ್ರಿಕೆಯ ಹೆಸರು ಹೊತ್ತ ವೃತ್ತ ಅದು. ಅದರ ಆಸುಪಾಸಿನ ಬೀದಿಗಳಲ್ಲಿ ನಡೆದರೆ ಟ್ಯೂಷನ್ನಿನವರ, ಸ್ಪೋಕನ್ ಇಂಗ್ಲಿಷಿನವರ, ಇಂಟರ್‌ನ್ಯಾಷನಲ್ ಸ್ಕೂಲಿನವರ ಬೋರ್ಡುಗಳು ನಿಮ್ಮ ಕೈ ಹಿಡಿದು ಎಳೆಯುತ್ತವೆ. ಬೋರ್ಡಿನ ಮಾತು ಆಮೇಲೆ ಬರುತ್ತದೆ. ಮೊದಲು ನಿಮ್ಮದೇ ಬಾಯಿಂದ ಬರುವ ಒಂದು ಮಾತಿನ ಲೆಕ್ಕ ತೀರಿಸೋಣ.

"ಕನ್ನಡ ಎಲ್ಲಾ ಸರಿ ಸಾರ್, ಮನೇಲಿ ಮಾತಾಡೋಕೆ, ಸಿನಿಮಾ ನೋಡೋಕೆ. ಆದ್ರೆ ಪ್ರಪಂಚದ ದೊಡ್ಡ ದೊಡ್ಡ ಲೇಖಕರನ್ನ ಓದ್ಬೇಕು ಅಂದ್ರೆ ಇಂಗ್ಲಿಷೇ ತಾನೇ ಗತಿ? ಶೇಕ್ಸ್‌ಪಿಯರ್‌ನ ಕನ್ನಡದಲ್ಲಿ ಓದೋಕಾಗುತ್ತಾ?"

ಈ ಪ್ರಶ್ನೆ ಕೇಳುವವನು ದಡ್ಡನಲ್ಲ, ಕನ್ನಡದ್ರೋಹಿಯೂ ಅಲ್ಲ. ರಾಜ್ಯೋತ್ಸವದ ದಿನ ಬೈಕಿಗೆ ಹಳದಿ ಕೆಂಪು ಬಾವುಟ ಕಟ್ಟುವ ಹುಡುಗನೇ ಕೇಳುತ್ತಾನೆ. ಅದೇ ನನ್ನ ಹೊಟ್ಟೆ ಉರಿಸುವ ಸಂಗತಿ. ಕನ್ನಡವನ್ನು ಅಡುಗೆಮನೆಗೂ ಮೆರವಣಿಗೆಗೂ ಬಿಟ್ಟುಕೊಟ್ಟು, ಲೋಕಜ್ಞಾನದ ಬೀಗದ ಕೈಯನ್ನು ಇಂಗ್ಲಿಷಿನ ಸೊಂಟಕ್ಕೆ ಸಿಕ್ಕಿಸಿ ಕೂತಿದ್ದೇವೆ. ಬೀಗ ಹಾಕಿದವರು ಯಾರು? ಬಾಗಿಲಿಗೆ ಬೀಗ ಇದೆಯೇ ಎಂದಾದರೂ ಯಾರಾದರೂ ತಳ್ಳಿ ನೋಡಿದ್ದೀರಾ?

ತಳ್ಳಿ ನೋಡೋಣ ಬನ್ನಿ.

ಕನ್ನಡಕ್ಕೆ ಶೇಕ್ಸ್‌ಪಿಯರ್ ಬಂದು ಒಂದೂವರೆ ಶತಮಾನ ದಾಟಿದೆ. 1871ರಲ್ಲೇ ಅವನ 'ಕಾಮಿಡಿ ಆಫ್ ಎರರ್ಸ್' ಕನ್ನಡದಲ್ಲಿ 'ನಗದವರನ್ನು ನಗಿಸುವ ಕಥೆ' ಆಗಿತ್ತು. ಮಾಡಿದವರು ಯಾರು ಗೊತ್ತೇ? ಇಂಗ್ಲಿಷ್ ವ್ಯಾಮೋಹಿಯೊಬ್ಬ ಪುರುಸೊತ್ತಿನಲ್ಲಿ ಮಾಡಿದ ಕೆಲಸ ಅಂದುಕೊಳ್ಳಬೇಡಿ. ಮಾಡಿದವರು ಡೆಪ್ಯುಟಿ ಚನ್ನಬಸಪ್ಪನವರು. ಮುಂಬಯಿ ಆಧಿಪತ್ಯದ ಧಾರವಾಡ, ಬೆಳಗಾವಿ ಸೀಮೆಯ ಶಾಲೆಗಳಲ್ಲಿ ಮರಾಠಿ ಮೆರೆಯುತ್ತಿದ್ದ ಕಾಲದಲ್ಲಿ, ಕನ್ನಡದ ಮಕ್ಕಳಿಗೆ ಕನ್ನಡ ಶಾಲೆಯೇ ಬೇಕು ಎಂದು ಶಿಕ್ಷಣ ಇಲಾಖೆಯ ಒಳಗಿದ್ದುಕೊಂಡೇ ಹಟ ಹಿಡಿದು ಕನ್ನಡ ಶಾಲೆಗಳನ್ನು ತೆರೆಸಿದ ಮನುಷ್ಯ. ಇವತ್ತು ನಾವು ಯಾವುದನ್ನು ಕನ್ನಡ ಚಳವಳಿ ಎನ್ನುತ್ತೇವೋ ಅದರ ಮೂಲಪುರುಷರಲ್ಲಿ ಒಬ್ಬರು. ಒಂದು ಕೈಯಲ್ಲಿ ಶಾಲೆ, ಇನ್ನೊಂದು ಕೈಯಲ್ಲಿ ಶೇಕ್ಸ್‌ಪಿಯರ್. ಎರಡೂ ಒಂದೇ ಕೆಲಸ ಅಂತ ಆ ಪುಣ್ಯಾತ್ಮನಿಗೆ ಗೊತ್ತಿತ್ತು. ಮಗು ಕನ್ನಡದಲ್ಲಿ ಅಕ್ಷರ ಕಲಿತ ಮೇಲೆ ಓದುವುದಕ್ಕೆ ಲೋಕದ ಕಥೆಯೂ ಕನ್ನಡದಲ್ಲಿ ಇರಬೇಕಲ್ಲ!

ಇನ್ನು ನಮ್ಮ ಮೈಸೂರಿಗೆ ಬನ್ನಿ. 'ಕಾಯೌ ಶ್ರೀ ಗೌರಿ' ಬರೆದ ಬಸವಪ್ಪ ಶಾಸ್ತ್ರಿಗಳು ನಿಮಗೆ ಗೊತ್ತು. ಅರಮನೆಯ ವಿದ್ವಾಂಸರು, ಕಾಳಿದಾಸನ ಶಾಕುಂತಲವನ್ನು ಕನ್ನಡಕ್ಕೆ ತಂದು 'ಅಭಿನವ ಕಾಳಿದಾಸ' ಎನ್ನಿಸಿಕೊಂಡವರು, 1891ರಲ್ಲಿ ತೀರಿಕೊಂಡರು. ಅವರು 'ಒಥೆಲೋ'ವನ್ನು 'ಶೂರಸೇನ ಚರಿತ್ರೆ' ಮಾಡಿದರು. ಶಾಸ್ತ್ರಿಗಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ! ಇಂಗ್ಲಿಷ್ ಬಲ್ಲವರಿಂದ ಕಥೆಯನ್ನೂ ಮಾತನ್ನೂ ಕನ್ನಡದಲ್ಲಿ ಹೇಳಿಸಿಕೊಂಡು, ತಾವು ಅದನ್ನು ನಾಟಕ ಮಾಡಿದರು. ಚಾಮರಾಜ ಒಡೆಯರ ಕಾಲದ ಅರಮನೆ ನಾಟಕ ಕಂಪನಿಯ ಹುಮ್ಮಸ್ಸಿನ ದಿನಗಳವು. ಇಂಗ್ಲಿಷ್ ಬಾರದವನೊಬ್ಬ ಶೇಕ್ಸ್‌ಪಿಯರ್‌ನನ್ನು ಹೀಗೆ ಎದುರು ಕೂರಿಸಿಕೊಂಡು ಮಾತಾಡಿಸಿದ. ನೀವು ಎಲ್‌ಕೆಜಿಯಿಂದ ಡಿಗ್ರಿಯವರೆಗೆ ಇಂಗ್ಲಿಷಿನಲ್ಲೇ ಓದಿದವರು. ಎದೆ ಮುಟ್ಟಿಕೊಂಡು ಹೇಳಿ, ಅವನ ಒಂದು ನಾಟಕವನ್ನಾದರೂ ಮೊದಲಿನಿಂದ ಕೊನೆಯತನಕ ಓದಿದ್ದೀರಾ? ಗೈಡಿನಲ್ಲಿ ಸಾರಾಂಶ ಓದಿದ್ದು ಲೆಕ್ಕಕ್ಕಿಲ್ಲ.

ಆ ತಲೆಮಾರಿನ ಧೈರ್ಯ ನೋಡಿದರೆ ನಗುವೂ ಬರುತ್ತದೆ, ಹೆಮ್ಮೆಯೂ ಆಗುತ್ತದೆ. 'ಮ್ಯಾಕ್‌ಬೆತ್' ಶ್ರೀಕಂಠೇಶಗೌಡರ ಕೈಯಲ್ಲಿ 'ಪ್ರತಾಪರುದ್ರದೇವ' ಆಯಿತು. 'ಕಿಂಗ್ ಲಿಯರ್' ಎಂ.ಎಸ್. ಪುಟ್ಟಣ್ಣನವರ ಕೈಯಲ್ಲಿ 'ಹೇಮಚಂದ್ರರಾಜ ವಿಲಾಸ' ಆಯಿತು. 'ರೋಮಿಯೋ ಜೂಲಿಯಟ್' ಆನಂದರಾಯರ ಕೈಗೆ ಸಿಕ್ಕಿ 'ರಾಮವರ್ಮ ಲೀಲಾವತಿ' ಆಯಿತು. ಅದರಲ್ಲಿ ಪ್ರೇಮಿಗಳು ಸತ್ತೇ ಹೋಗುವುದನ್ನು ನಮ್ಮವರಿಗೆ ಸಹಿಸಲಾಗಲಿಲ್ಲ, ದೇವರ ಕೃಪೆಯಿಂದ ಬದುಕಿಸಿಯೇ ಬಿಟ್ಟರು! ಪಂಡಿತರು ಇದನ್ನು ಅಪಚಾರ ಅನ್ನಬಹುದು. ನನಗೂ ಆ ಕೊನೆ ಇಷ್ಟವಿಲ್ಲ. ಸಾವಿನ ಎದುರು ಕಣ್ಣು ಮುಚ್ಚಿಕೊಂಡ ಹಾಗೆ ಕಾಣುತ್ತದೆ. ಆದರೆ ಅದರ ಹಿಂದಿನ ಮನಸ್ಸನ್ನು ಗಮನಿಸಿ. ಬಿಳಿಯರ ಆಳ್ವಿಕೆ, ಬಿಳಿಯರ ಮಹಾಕವಿ. ಆದರೂ ನಮ್ಮವರು ಅವನ ಮುಂದೆ ಕೈಕಟ್ಟಿ ನಿಲ್ಲಲಿಲ್ಲ. "ಬಾರಯ್ಯಾ ಒಳಗೆ, ಚಪ್ಪಲಿ ಹೊರಗೆ ಬಿಡು, ಊಟ ನಮ್ಮನೆಯದು" ಎಂದರು. ಅವನ ಹೆಸರು ಬದಲಿಸಿದರು, ಊರು ಬದಲಿಸಿದರು, ಹಾಡು ಸೇರಿಸಿದರು.

"ಇದೆಲ್ಲ ಡೂಪ್ಲಿಕೇಟ್ ಅಲ್ಲವೇ? ಅಸಲಿಯನ್ನೇ ಓದಬೇಕಲ್ಲವೇ?" ಎಂದು ಮೂಗು ಮುರಿಯುವ ಇಂಗ್ಲಿಷ್ ಮೇಷ್ಟ್ರುಗಳಿದ್ದಾರೆ. ಅವರಿಗೆ ಒಂದು ಮಾತು ಕೇಳಿ. ಶೇಕ್ಸ್‌ಪಿಯರ್ ತನ್ನ ರೋಮ್ ನಾಟಕಗಳಿಗೆ ಕಥೆ ಎತ್ತಿಕೊಂಡದ್ದು ಗ್ರೀಕ್ ಲೇಖಕ ಪ್ಲೂಟಾರ್ಕನಿಂದ. ಓದಿದ್ದು ಗ್ರೀಕಿನಲ್ಲಲ್ಲ, 1579ರಲ್ಲಿ ಥಾಮಸ್ ನಾರ್ತ್ ಇಂಗ್ಲಿಷಿಗೆ ತಂದ ಪುಸ್ತಕದಲ್ಲಿ. ಆ ನಾರ್ತ್ ಮಹಾಶಯನಾದರೂ ಗ್ರೀಕಿನಿಂದ ತಂದನೇ? ಇಲ್ಲ, ಆಮ್ಯೋ ಎಂಬುವನ ಫ್ರೆಂಚ್ ಅನುವಾದದಿಂದ ತಂದ. ಅಂದರೆ ಅನುವಾದದ ಅನುವಾದವನ್ನು ಓದಿ 'ಜೂಲಿಯಸ್ ಸೀಸರ್' ಬರೆದ ಮನುಷ್ಯ ಅವನು! ಹ್ಯಾಮ್ಲೆಟ್ಟನ ಕಥೆ ಡೆನ್ಮಾರ್ಕಿನದು, ಒಥೆಲೋ ಕಥೆ ಇಟಲಿಯ ಚಿಂತಿಯೋನದು. ಶೇಕ್ಸ್‌ಪಿಯರ್ ಮಾಡಿದರೆ ಪ್ರತಿಭೆ, ಬಸವಪ್ಪ ಶಾಸ್ತ್ರಿ ಮಾಡಿದರೆ ಡೂಪ್ಲಿಕೇಟ್. ಯಾವ ಊರಿನ ನ್ಯಾಯ ಸ್ವಾಮಿ ಇದು? ನಮ್ಮ ಕಾಳಿದಾಸನನ್ನು ಜರ್ಮನಿಯ ಗಯಟೆ ಓದಿ ಕುಣಿದಾಡಿದ್ದೂ ಸಂಸ್ಕೃತದಲ್ಲಲ್ಲ. 1789ರಲ್ಲಿ ವಿಲಿಯಂ ಜೋನ್ಸ್ ಮಾಡಿದ ಇಂಗ್ಲಿಷನ್ನು 1791ರಲ್ಲಿ ಫಾರ್ಸ್ಟರ್ ಜರ್ಮನಿಗೆ ತಂದ ಮೇಲೆ. ಆ ಜರ್ಮನರು ಇವತ್ತಿಗೂ ಶೇಕ್ಸ್‌ಪಿಯರ್‌ನನ್ನು 'ನಮ್ಮ ಶೇಕ್ಸ್‌ಪಿಯರ್' ಎನ್ನುತ್ತಾರೆ, ತಮ್ಮ ಭಾಷೆಯಲ್ಲೇ ಆಡುತ್ತಾರೆ. ಯಾರೂ ಅವರನ್ನು ಹಿಂದುಳಿದವರು ಎನ್ನುವುದಿಲ್ಲ.

ಆಫ್ರಿಕಾದ ಕಡೆ ನೋಡಿ. ಟಾಂಗಾನಿಕಾದ ಅಧ್ಯಕ್ಷ ಜೂಲಿಯಸ್ ನೈರೇರೆ, ದೇಶ ಕಟ್ಟುವ ಸಾವಿರ ರಗಳೆಯ ನಡುವೆ, 1963ರಲ್ಲಿ 'ಜೂಲಿಯಸ್ ಸೀಸರ್' ಅನ್ನು ಸ್ವಾಹಿಲಿ ಭಾಷೆಗೆ ತಂದು ಪ್ರಕಟಿಸಿದ. ಆಮೇಲೆ 'ಮರ್ಚೆಂಟ್ ಆಫ್ ವೆನಿಸ್' ತಂದ. ಎಡಿನ್‌ಬರೋದಲ್ಲಿ ಓದಿದ ಆತನಿಗೆ ಇಂಗ್ಲಿಷ್ ಬರುತ್ತಿರಲಿಲ್ಲವೇ? ಬರುತ್ತಿತ್ತು. ನಮ್ಮ ಭಾಷೆಗೆ ಎಂಥ ದೊಡ್ಡ ಮಾತನ್ನೂ ಹೊರುವ ತಾಕತ್ತಿದೆ ಅಂತ ತನ್ನ ಜನಕ್ಕೆ ತೋರಿಸಬೇಕಿತ್ತು. ನಮ್ಮ ಮಂತ್ರಿಮಹೋದಯರಲ್ಲಿ ಯಾರಿಂದಲಾದರೂ ಇಂಥದ್ದು ನಿರೀಕ್ಷಿಸುವಂತಿದೆಯೇ? ಅವರು ತಮ್ಮ ಭಾಷಣವನ್ನು ತಪ್ಪಿಲ್ಲದೆ ಓದಿದರೆ ಸಾಕಾಗಿದೆ.

ಕುವೆಂಪು ಹೆಸರು ಹೇಳದೆ ಮೈಸೂರಿನಲ್ಲಿ ಈ ಮಾತು ಮುಂದೆ ಹೋಗದು. ಮಹಾರಾಜಾ ಕಾಲೇಜಿನ ಆ ಹುಡುಗ ಮೊದಲು ಇಂಗ್ಲಿಷಿನಲ್ಲೇ ಕವಿತೆ ಬರೆಯುತ್ತಿದ್ದ. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್, ನಿನ್ನ ತಾಯಿನುಡಿಯಲ್ಲಿ ಏನು ಬರೆದಿದ್ದೀಯ ಎಂದು ಕೇಳಿದ ಕಥೆ ನಿಮಗೆ ಶಾಲೆಯಲ್ಲೇ ಹೇಳಿರುತ್ತಾರೆ. ಶಾಲೆಯಲ್ಲಿ ಅಲ್ಲಿಗೆ ನಿಲ್ಲಿಸುತ್ತಾರೆ. ಆಮೇಲೆ ಆ ಹುಡುಗ ಏನು ಮಾಡಿದ? ಇಂಗ್ಲಿಷ್ ಲೇಖಕರನ್ನು ಓದುವುದು ಬಿಟ್ಟನೇ? ಬಿಡಲಿಲ್ಲ. 1930ರಲ್ಲಿ 'ಟೆಂಪೆಸ್ಟ್' ಅನ್ನು 'ಬಿರುಗಾಳಿ' ಮಾಡಿದ. ಅದಾದ ಮೇಲೆ 'ಹ್ಯಾಮ್ಲೆಟ್' ಅನ್ನು ಡೆನ್ಮಾರ್ಕಿನ ಅರಮನೆಯಿಂದ ಎತ್ತಿ ನಮ್ಮ ಬಿದನೂರಿನ ಕೋಟೆಯೊಳಗೆ ಇಟ್ಟ. ಅದೇ 'ರಕ್ತಾಕ್ಷಿ'.

ಬಿದನೂರು ಎಂದರೆ ಬರಿಯ ಹೆಸರಲ್ಲ. ಕೆಳದಿ ನಾಯಕರ ಕೊನೆಯ ದಿನಗಳು, ರಾಣಿ ವೀರಮ್ಮಾಜಿ, ಒಳಸಂಚು, 1763ರಲ್ಲಿ ಹೈದರಾಲಿಯ ದಾಳಿಗೆ ಬೀಳಲಿರುವ ರಾಜ್ಯ. ಹ್ಯಾಮ್ಲೆಟ್ಟನ ಅನುಮಾನ, ತಾಯಿಯ ಮೇಲಿನ ಸಿಟ್ಟು, ಸತ್ತ ಅಪ್ಪನ ಋಣ ಎಲ್ಲವೂ ಮಲೆನಾಡಿನ ಮಳೆಯಲ್ಲಿ ನೆಂದು ಬಂದಂತಿವೆ. ಇನ್ನೊಂದು ಮುಖ್ಯ ಸಂಗತಿ ಇದೆ. ಶೇಕ್ಸ್‌ಪಿಯರ್‌ನ ಒಫೀಲಿಯಾ ಪಾಪದ ಹುಡುಗಿ. ಹುಚ್ಚು ಹಿಡಿದು ಹೊಳೆಯ ಪಾಲಾಗುತ್ತಾಳೆ. ಕುವೆಂಪು ಅವರ ರುದ್ರಾಂಬೆ ಹಾಗೆ ಸುಮ್ಮನೆ ಮುಳುಗುವವಳಲ್ಲ, ಸೇಡಿನ ಕಿಡಿಯಾಗುವವಳು. ಮೂಲ ನಾಟಕ ರಾಜಕುಮಾರನ ಹೆಸರಿನಲ್ಲಿದೆ. ಕನ್ನಡದ ನಾಟಕ ಅವನ ಹೆಸರಿನಲ್ಲಿಲ್ಲ. ಇದು ನಕಲೇ? ಶೇಕ್ಸ್‌ಪಿಯರ್ ಕೇಳದೆ ಬಿಟ್ಟ ಪ್ರಶ್ನೆಯನ್ನು ಮೈಸೂರಿನಲ್ಲಿ ಕೂತು ಒಬ್ಬ ಕನ್ನಡಿಗ ಕೇಳಿದ. ಕುವೆಂಪುನಗರದ ಪಕ್ಕದಲ್ಲೇ ವಾಸ ಮಾಡುವ ರಾಮಕೃಷ್ಣನಗರದ ನೀವು, ಪ್ರತಿದಿನ ಆ ಹೆಸರಿನ ಬಸ್ ಹತ್ತುವ ನೀವು, 'ರಕ್ತಾಕ್ಷಿ' ಓದಿಲ್ಲ ಅಂದರೆ ನಾನು ಯಾರಿಗೆ ಬೈಯಲಿ?

ಆ ಕಾಲದ ಮೈಸೂರಿನ ಇಂಗ್ಲಿಷ್ ಮೇಷ್ಟ್ರುಗಳ ಮಾತೇ ಬೇರೆ. ಬಿ.ಎಂ.ಶ್ರೀ. ಮಹಾರಾಜಾ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದದ್ದು ಇಂಗ್ಲಿಷನ್ನು. 1911ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘಕ್ಕೆ ಹೋಗಿ ಕನ್ನಡ ಮಾತು ತಲೆಯೆತ್ತುವ ಬಗೆ ಯಾವುದು ಎಂದು ಭಾಷಣ ಮಾಡಿದರು. ಭಾಷಣ ಮಾಡಿ ಕೈತೊಳೆದುಕೊಳ್ಳಲಿಲ್ಲ. ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದು ಹೊಸ ಕಾವ್ಯಕ್ಕೆ ದಾರಿ ಮಾಡಿದರು. ಗ್ರೀಕ್ ನಾಟಕಕಾರ ಸೋಫೋಕ್ಲೀಸನ ಏಜಾಕ್ಸನನ್ನು ನಮ್ಮ ಮಹಾಭಾರತದ ಅಶ್ವತ್ಥಾಮ ಮಾಡಿದರು. ಇಂಗ್ಲಿಷ್ ಕಲಿತದ್ದು ಕನ್ನಡಕ್ಕೆ ಸರಕು ತರುವುದಕ್ಕೆ. ಇವತ್ತು ಗಾಡಿ ತಿರುಗುಮುರುಗಾಗಿದೆ. ಕನ್ನಡದ ಮಕ್ಕಳನ್ನೇ ಸರಕು ಮಾಡಿ ಇಂಗ್ಲಿಷಿಗೆ ಸಾಗಿಸುತ್ತಿದ್ದೇವೆ.

ಮಧ್ಯೆ ಒಂದು ಮಾತು. ಕನ್ನಡದ ಎಲ್ಲ ಶೇಕ್ಸ್‌ಪಿಯರ್ ಚಿನ್ನ ಅಂತ ನಾನು ಹೇಳುತ್ತಿಲ್ಲ. ಕೆಲವು ಅನುವಾದಗಳನ್ನು ಓದಲು ಹೊರಟರೆ ಸಂಸ್ಕೃತದ ಕಲ್ಲುಗಳಿಗೆ ಹಲ್ಲು ಮುರಿಯುತ್ತದೆ. ಮಾಸ್ತಿಯವರು 'ಲಿಯರ್ ಮಹಾರಾಜ', 'ಚಂಡಮಾರುತ' ಎಂದು ಶ್ರದ್ಧೆಯಿಂದ ತಂದರು. ಓದಲು ಚೆನ್ನ, ನಟನ ನಾಲಿಗೆಗೆ ಅಷ್ಟಾಗಿ ಒಗ್ಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಡಿ.ವಿ.ಜಿ. 'ಮ್ಯಾಕ್‌ಬೆತ್' ತಂದರು, ಅದು ಪಂಡಿತರ ಮಾತು. ಆದರೆ ಒಂದೇ ನಾಟಕವನ್ನು ನಾಲ್ಕು ತಲೆಮಾರು ನಾಲ್ಕು ಥರ ಕನ್ನಡ ಮಾಡಿವೆಯಲ್ಲ, ಅದು ಜೀವಂತ ಭಾಷೆಯ ಲಕ್ಷಣ. ಶ್ರೀಕಂಠೇಶಗೌಡರ ಅದೇ 'ಮ್ಯಾಕ್‌ಬೆತ್' ಎಚ್.ಎಸ್. ಶಿವಪ್ರಕಾಶರ ಕೈಯಲ್ಲಿ 'ಮಾರನಾಯಕ' ಆಗಿ ಪಾಳೇಗಾರರ ಲೋಕಕ್ಕೆ ಬಂತು.

ಆ 'ಮಾರನಾಯಕ'ನನ್ನು ಯಾರು ಆಡಿದರು ಎಂಬುದು ಇಂಗ್ಲಿಷ್ ಮೀಡಿಯಮ್ಮಿನ ಅಪ್ಪ ಅಮ್ಮಂದಿರು ಕೇಳಬೇಕಾದ ಕಥೆ. ಮೈಸೂರು ಕಾರಾಗೃಹದ ಕೈದಿಗಳು ಆಡಿದರು! ರಂಗಾಯಣದ ಹುಲುಗಪ್ಪ ಕಟ್ಟೀಮನಿ ಅವರನ್ನು ಕಟ್ಟಿಕೊಂಡು ನಾಟಕ ಮಾಡಿಸಿದರು. ರಾಜನನ್ನು ಕೊಂದು, ಆ ರಕ್ತ ಕೈಯಿಂದ ಹೋಗದೆ ಒದ್ದಾಡುವವನ ಕಥೆ ಅದು. ಅದನ್ನು ಆಡಿದವರಲ್ಲಿ ಕೊಲೆ ಮೊಕದ್ದಮೆಯಲ್ಲಿ ಶಿಕ್ಷೆ ಅನುಭವಿಸುತ್ತಿದ್ದವರಿದ್ದರು. ಯಾವ ಕಾನ್ವೆಂಟಿನ ಹುಡುಗನಿಗೆ, ಯಾವ ಆಕ್ಸ್‌ಫರ್ಡ್ ಪ್ರೊಫೆಸರನಿಗೆ ಮ್ಯಾಕ್‌ಬೆತ್ ಅಷ್ಟು ಹತ್ತಿರ ಬಂದಿದ್ದಾನೆ ಹೇಳಿ! ಅವರನ್ನು ಯಾರೂ ಟೋಫೆಲ್ ಪಾಸಾಗಿದ್ದೀರಾ ಅಂತ ಕೇಳಲಿಲ್ಲ. ಕನ್ನಡ ಬರುತ್ತಿತ್ತು, ಸಾಕಾಯಿತು.

1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದ ಬಿ.ವಿ. ಕಾರಂತರು ಅದಕ್ಕೆ ಹತ್ತು ವರ್ಷ ಮೊದಲು, 1979ರಲ್ಲಿ, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಅದೇ ಮ್ಯಾಕ್‌ಬೆತ್‌ಗೆ ನಮ್ಮ ಯಕ್ಷಗಾನದ ಹೆಜ್ಜೆ ಹಾಕಿಸಿದ್ದರು. 'ಬರ್ನಂ ವನ' ಎಂಬ ಆ ಪ್ರಯೋಗದ ಮಾತು ಹಿಂದಿಯದು, ಕುಣಿತ ನಮ್ಮ ಕರಾವಳಿಯದು. ದೆಹಲಿಯವರು ಬೆರಗಾಗಿ ನೋಡಿದರು. ನಮ್ಮಲ್ಲಿ ಯಕ್ಷಗಾನ ಅಂದರೆ ಇವತ್ತಿಗೂ 'ಹಳ್ಳಿಯವರ ಆಟ' ಎನ್ನುವ ನಗರದ ಜಾಣರಿದ್ದಾರೆ.

ಶೇಕ್ಸ್‌ಪಿಯರ್ ಹಳೆಯ ಕಾಲದವನು, ನಮಗೆ ಬೇಡ ಅನ್ನುತ್ತೀರಾ? ಸರಿ, ನಿಮ್ಮ ಬ್ಯಾಗಿನಲ್ಲೇ ಇರುವ ಪುಸ್ತಕ ತೆಗೆಯಿರಿ. ತೇಜಸ್ವಿ ಓದದ ಕನ್ನಡ ಹುಡುಗರು ಕಡಿಮೆ. ಕೆನ್ನೆತ್ ಆಂಡರ್ಸನ್ ಬೆಂಗಳೂರಿನಲ್ಲಿ ಬದುಕಿ, ನಮ್ಮ ಕಾಡುಗಳ ನರಭಕ್ಷಕಗಳ ಬೆನ್ನು ಹತ್ತಿ, ಅದನ್ನು ಇಂಗ್ಲಿಷಿನಲ್ಲಿ ಬರೆದ. ಹುಲಿ ನಮ್ಮದು, ಕಾಡು ನಮ್ಮದು, ಸತ್ತ ದನಗಾಹಿ ನಮ್ಮವನು. ಕಥೆ ಮಾತ್ರ ಇಂಗ್ಲಿಷ್ ಬಲ್ಲವರ ಪಾಲಾಗಿತ್ತು. ತೇಜಸ್ವಿ ಅದನ್ನು ಕನ್ನಡಕ್ಕೆ ತಂದು ಬಿಟ್ಟಾಗ ಆಟೋ ಡ್ರೈವರು, ಗಾರ್ಮೆಂಟ್ಸ್ ಹುಡುಗಿ, ಹಾಸ್ಟೆಲ್ ಹುಡುಗ ಎಲ್ಲರೂ ಓದಿದರು. ಪ್ರದೀಪ ಕೆಂಜಿಗೆಯವರ ಜೊತೆ ತಂದ 'ಪ್ಯಾಪಿಲಾನ್', ಸೈಬೀರಿಯಾದಿಂದ ತಪ್ಪಿಸಿಕೊಂಡವರ 'ಮಹಾಪಲಾಯನ' ಓದುವಾಗ ಯಾರಾದರೂ "ಇದು ಪರದೇಶದವರ ಪುಸ್ತಕ" ಅಂದುಕೊಂಡಿರಾ? ರಾತ್ರಿಯೆಲ್ಲ ಓದಿ ಬೆಳಿಗ್ಗೆ ಗೆಳೆಯನ ಕೈಗೆ ದಾಟಿಸಿದಿರಿ. ಶೇಕ್ಸ್‌ಪಿಯರ್‌ನನ್ನು ಕನ್ನಡದಲ್ಲಿ ಓದೋಕಾಗುತ್ತಾ ಎಂಬ ಪ್ರಶ್ನೆಗೆ ನೀವೇ ಉತ್ತರ ಕೊಟ್ಟಾಗಿದೆ, ನಿಮಗೆ ಗೊತ್ತಿಲ್ಲ ಅಷ್ಟೆ.

ಇನ್ನು ನಮ್ಮವರ ಕಡೆಗೆ, ಅಂದರೆ ಚಳವಳಿಗಾರರ ಕಡೆಗೆ ತಿರುಗುತ್ತೇನೆ. ಸಿಟ್ಟಾಗಬೇಡಿ. "ಪರದೇಶದ ಲೇಖಕ ನಮಗ್ಯಾಕೆ? ಪಂಪ, ಬಸವಣ್ಣ ಸಾಲದೇ?" ಎನ್ನುವ ಗೆಳೆಯರು ನಮ್ಮ ಸಂಘಗಳಲ್ಲೇ ಇದ್ದಾರೆ. ಪಂಪನನ್ನು ಅವರು ಓದಿದ್ದರೆ ನಾನು ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಆ ಪಂಪನೂ ಸಂಸ್ಕೃತದ ಭಾರತವನ್ನು ತಂದು ತನ್ನ ದೊರೆ ಅರಿಕೇಸರಿಯನ್ನು ಅದರೊಳಗೆ ಕೂರಿಸಿ ಕನ್ನಡ ಮಾಡಿದವನೇ. ಹೊರಗಿನದನ್ನು ತಂದು ನಮ್ಮದು ಮಾಡಿಕೊಳ್ಳುವುದು ಕನ್ನಡಕ್ಕೆ ಸಾವಿರ ವರ್ಷದ ಚಾಳಿ. ಬಾಗಿಲು ಹಾಕಿಕೊಂಡು ಕೂತ ಭಾಷೆಗೆ ಬೋರ್ಡಿನ ಮೇಲೆ ಶೇಕಡಾ 60 ಜಾಗ ಕೊಡಿಸಿದರೆ ಏನು ಬಂತು? 2024ರಲ್ಲಿ ಕಾಯ್ದೆಗೆ ತಿದ್ದುಪಡಿಯಾಯಿತು, ನಾಮಫಲಕದಲ್ಲಿ ಶೇಕಡಾ 60 ಕನ್ನಡ ಕಡ್ಡಾಯ. ಅದಕ್ಕಾಗಿ ಬೀದಿಗಿಳಿದು ಲಾಠಿ ತಿಂದವರಿಗೆ ನನ್ನ ನಮಸ್ಕಾರ. ಆದರೆ ಬೋರ್ಡಿನ ಕೆಳಗಿರುವ ಬಾಗಿಲೊಳಗೆ ಹೋದರೆ, ಆ ಪುಸ್ತಕದಂಗಡಿಯ ಕಪಾಟಿನಲ್ಲಿ ಕನ್ನಡ ಎಷ್ಟು ಪರ್ಸೆಂಟ್?

ಶಾಲೆಯ ವಿಷಯದಲ್ಲಿ ನಾವು ಕೋರ್ಟಿನಲ್ಲಿ ಸೋತಿದ್ದೇವೆ. 1994ರಲ್ಲಿ ಸರ್ಕಾರ ಪ್ರಾಥಮಿಕ ಶಾಲೆಯಲ್ಲಿ ತಾಯಿನುಡಿ ಮಾಧ್ಯಮ ಎಂದು ಆದೇಶ ಮಾಡಿತು. ಇಪ್ಪತ್ತು ವರ್ಷ ಎಳೆದಾಡಿ 2014ರ ಮೇ 6ರಂದು ಸುಪ್ರೀಂ ಕೋರ್ಟು, ಮಾಧ್ಯಮ ಹೇರುವ ಹಕ್ಕು ಸರ್ಕಾರಕ್ಕಿಲ್ಲ ಎಂದಿತು. ಅಲ್ಲಿಗೆ ಕಾನೂನಿನ ಬಲ ಮುಗಿಯಿತು. ಇನ್ನು ಕನ್ನಡ ಶಾಲೆ ಉಳಿಯುವುದಾದರೆ ಅಪ್ಪ ಅಮ್ಮ ಮನಸಾರೆ ಒಪ್ಪಿ ಕಳಿಸಿದರೆ ಮಾತ್ರ. ಕನ್ನಡದಲ್ಲಿ ಓದಿದ ಮಗುವಿಗೆ ಲೋಕದ ಬಾಗಿಲು ಮುಚ್ಚಿರುತ್ತದೆ ಎಂಬ ಭಯ ಇರುವ ತನಕ ಅವರು ಒಪ್ಪುವುದಿಲ್ಲ. ಆ ಭಯ ಹೋಗುವುದು ಘೋಷಣೆಯಿಂದಲ್ಲ. ಒಳ್ಳೆಯ ವಿಜ್ಞಾನ, ಒಳ್ಳೆಯ ಕಾದಂಬರಿ, ಒಳ್ಳೆಯ ನಾಟಕ ಎಲ್ಲಿ ಹುಟ್ಟಿದ್ದರೂ ಕನ್ನಡದಲ್ಲಿ ಕೈಗೆ ಸಿಗಬೇಕು, ಆಗ ಹೋಗುತ್ತದೆ. ರಾಮಕೃಷ್ಣನಗರದಲ್ಲೇ ನೃಪತುಂಗ ಕನ್ನಡ ಶಾಲೆ ಇದೆ. 2023ರಲ್ಲಿ ತೀರಿಕೊಂಡ ಪ. ಮಲ್ಲೇಶ್ ಮತ್ತವರ ಸಂಗಾತಿಗಳು ಸುತ್ತ ಇಂಗ್ಲಿಷ್ ಶಾಲೆಗಳ ಸಂತೆ ನೆರೆಯುತ್ತಿದ್ದಾಗ ಹಟ ತೊಟ್ಟು ಕಟ್ಟಿದ ಶಾಲೆ. ಅಲ್ಲಿ ಓದಿದ ಮಗು ಹತ್ತನೇ ತರಗತಿ ಮುಗಿಸಿ ಹೊರಬಂದಾಗ ಅದರ ಕೈಗೆ ಕೊಡಲು ನಮ್ಮಲ್ಲಿ ಏನಿದೆ? ಧಾರವಾಡದಲ್ಲಿ ಚನ್ನಬಸಪ್ಪನವರಿಗಿದ್ದ ಪ್ರಶ್ನೆಯೇ ಇವತ್ತು ನಮಗೂ ಇದೆ.

ಕೇಳಬೇಕಾದವರನ್ನು ಕೇಳೋಣ. ಅನುವಾದಕ್ಕೆಂದೇ ಸರ್ಕಾರದ ಕುವೆಂಪು ಭಾಷಾ ಭಾರತಿ ಪ್ರಾಧಿಕಾರ ಇದೆ. ನಮ್ಮ ಮಾನಸಗಂಗೋತ್ರಿಯ ಭಾರತೀಯ ಭಾಷಾ ಸಂಸ್ಥಾನದಲ್ಲಿ ಕೇಂದ್ರದ ರಾಷ್ಟ್ರೀಯ ಅನುವಾದ ಮಿಷನ್ ಇದೆ. ಅಂದರೆ ಅನುವಾದದ ಸರ್ಕಾರಿ ಕಚೇರಿ ನಿಮ್ಮ ಮನೆಯಿಂದ ಒಂದು ಸಿಟಿ ಬಸ್ಸಿನ ದೂರದಲ್ಲಿದೆ. ಈ ವರ್ಷ ಕನ್ನಡಕ್ಕೆ ಏನು ತಂದಿರಿ, ಎಷ್ಟು ಪ್ರತಿ ಅಚ್ಚಾಯಿತು, ಎಷ್ಟು ಮಾರಾಟವಾಯಿತು ಎಂದು ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಲು ಹತ್ತು ರೂಪಾಯಿ ಸಾಕು. ಪುಸ್ತಕ ಅಚ್ಚುಮಾಡಿ ಗೋಡೌನಿನಲ್ಲಿ ಗೆದ್ದಲಿಗೆ ಬಡಿಸುವುದು ಅನುವಾದವಲ್ಲ. ರಷ್ಯನ್, ಜಪಾನಿ, ಸ್ಪ್ಯಾನಿಷ್ ಕಲಿತ ಕನ್ನಡದ ಹುಡುಗ ಹುಡುಗಿಯರು ಇದ್ದಾರೆ. ಅವರೆಲ್ಲ ಸಾಫ್ಟ್‌ವೇರ್ ಕಂಪನಿಗಳ ಪತ್ರ ಅನುವಾದಿಸುತ್ತ ಕೂತಿದ್ದಾರೆ. ಅವರಿಗೆ ಮರ್ಯಾದೆಯ ಸಂಭಾವನೆ ಕೊಟ್ಟು, ಇಂಗ್ಲಿಷಿನ ಸುಂಕದಕಟ್ಟೆ ದಾಟದೆ ನೇರವಾಗಿ ಕನ್ನಡಕ್ಕೆ ತರಿಸಿ ಎಂದು ಕೇಳಬೇಕು. ಬೋರ್ಡಿಗಾಗಿ ಕೂಗುವ ಗಂಟಲು ಇದಕ್ಕೂ ಕೂಗಲಿ.

ನೀವು ಮಾಡಬೇಕಾದ್ದು ಇದಕ್ಕಿಂತ ಸುಲಭ. ರಾಮಕೃಷ್ಣನಗರದಲ್ಲೇ ಮಂಡ್ಯ ರಮೇಶರ ನಟನ ರಂಗಶಾಲೆ ಇದೆ. ಅಲ್ಲಿ ಪರದೇಶದ ಕಥೆಯೊಂದು ಕನ್ನಡವಾಗಿ ರಂಗಕ್ಕೆ ಬಂದ ದಿನ, ಪಾಸು ಕೇಳದೆ ಟಿಕೆಟ್ ಕೊಂಡು ಹೋಗಿ ಕೂತುಕೊಳ್ಳಿ. ನಿಮ್ಮ ಬಡಾವಣೆಯ ಸಂಘದ ಮುಂದಿನ ಸಭೆಯಲ್ಲಿ ಹಾರ ತುರಾಯಿಯ ದುಡ್ಡು ಉಳಿಸಿ 'ರಕ್ತಾಕ್ಷಿ'ಯ ಐದು ಪ್ರತಿ ತರಿಸಿ. ಒಬ್ಬರು ರುದ್ರಾಂಬೆಯ ಮಾತು ಓದಲಿ, ಒಬ್ಬರು ಬಸವಯ್ಯನದು ಓದಲಿ, ಉಳಿದವರು ಹಂಚಿಕೊಳ್ಳಲಿ. ಜೋರಾಗಿಯೇ ಓದಿ, ಎದುರು ಮನೆಯ ಇಂಟರ್‌ನ್ಯಾಷನಲ್ ಸ್ಕೂಲಿನ ಹುಡುಗ ಕಿಟಕಿ ತೆಗೆದು ಏನದು ಅಂತ ಕೇಳುವ ಹಾಗೆ. ಕೇಳಿದರೆ ಅವನನ್ನೂ ಒಳಗೆ ಕರೆದು ಒಂದು ಪಾತ್ರ ಕೊಡಿ.